ಸವಾಲು ಕೂಗುವ ದನಿ



ಗ್ರಾಮಜೀವನದ ಅರ್ಥವ್ಯವಸ್ಥೆಯನ್ನು ಕುರಿತು ಮಾತನಾಡುವವರು ರೈತನನ್ನು ನೆನೆಯುತ್ತಾರೆ, ವರ್ತಕನನ್ನು ನೆನೆಯುತ್ತಾರೆ, ಸಾಲ ಕೊಡುವ ಸಾಹುಕಾರನನ್ನು ನೆನೆಯುತ್ತಾರೆ; ಆದರೆ ಈ ಮೂವರ ನಡುವೆ ನಿಂತು, ತನ್ನದಲ್ಲದ ಸರಕನ್ನು ತನ್ನದಲ್ಲದ ಹಣಕ್ಕೆ ಕೇವಲ ತನ್ನ ಕಂಠಬಲದಿಂದ ಹೊಂದಿಸಿಕೊಡುವ, ಹರಾಜಿನ ಸವಾಲು ಕೂಗುವವನನ್ನು ನೆನೆಯುವವರು ವಿರಳ. ವರ್ಷದಲ್ಲಿ ಕೆಲವೇ ದಿನಗಳು ಆತ ಊರಿನ ಪ್ರಧಾನಪುರುಷನಾಗಿ, ಉಳಿದ ದಿನಗಳಲ್ಲಿ ಎಲ್ಲರಂತೆ ಹೊಲದಲ್ಲಿಯೋ ಅಂಗಡಿಯಲ್ಲಿಯೋ ಚಾವಡಿಯಲ್ಲಿಯೋ ಬೆರೆತುಹೋಗುವುದು ಇದಕ್ಕೆ ಕಾರಣವಿರಬಹುದು. ಇಂದು ನಾನು ಅವನ ಪಕ್ಷವಹಿಸಿ ಕೆಲವು ಮಾತುಗಳನ್ನಾಡಬೇಕೆಂದಿದ್ದೇನೆ. ದುರ್ಬಲನ ಸರಕಿಗೆ ಆಗುವ ಬೆಲೆಯು ಅವನ ಕಿವಿಗೆ ಬೀಳುವಂತೆ, ನೆರೆದವರೆಲ್ಲರೂ ಸಾಕ್ಷಿಯಾಗುವಂತೆ, ಬಾಯಿಬಿಟ್ಟು ಉಚ್ಚರಿಸಲ್ಪಡಬೇಕೆಂಬುದೇ ಅವನ ವೃತ್ತಿಯ ತಿರುಳು. ಆ ತಿರುಳನ್ನು ಕಳೆದುಕೊಂಡ ಮಾರುಕಟ್ಟೆ ಎಷ್ಟೇ ಯಂತ್ರಸಜ್ಜಿತವಾಗಿರಲಿ, ರೈತನಿಗೆ ಅದು ಪರಸ್ಥಳವಾಗಿಯೇ ಉಳಿಯುವುದೆಂದು ನಾನು ನಂಬಿದ್ದೇನೆ.

ನನ್ನ ಕಣ್ಣ ಮುಂದಿರುವುದು ಯಾದಗಿರಿ ಜಿಲ್ಲೆಯ ಕೊಡೇಕಲ್ ಸೀಮೆ. ಬಹುಕಾಲ ಸುರಪುರ ತಾಲ್ಲೂಕಿನಲ್ಲಿದ್ದು ಈಚೆಗೆ ಹುಣಸಗಿ ತಾಲ್ಲೂಕಿಗೆ ಸೇರಿದ ಈ ಊರು ಕೊಡೇಕಲ್ ಬಸವಣ್ಣನವರ ಕ್ಷೇತ್ರವೆಂದು ಖ್ಯಾತವಾದುದು. ಅವರ ಕಾಲಜ್ಞಾನದ ವಚನಗಳಿಗೂ, ಆ ಪರಂಪರೆಯವರು ಬಳಸಿದ ಅಮರಗನ್ನಡವೆಂಬ ಗೂಢಲಿಪಿಗೂ, ಹಿಂದೂ ಮುಸಲ್ಮಾನರೆಂಬ ಭೇದವೆಣಿಸದೆ ನಡೆದುಕೊಳ್ಳುವ ಭಕ್ತಸಮೂಹಕ್ಕೂ ಹೆಸರಾದುದು. ಸುರಪುರದ ನಾಯಕರ ಆಳಿಕೆಯಲ್ಲಿದ್ದು, 1860ರಲ್ಲಿ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿ, 1956ರಲ್ಲಿ ಏಕೀಕೃತ ಕನ್ನಡನಾಡಿಗೆ ಬಂದು ಕೂಡಿದ ಈ ನೆಲದಲ್ಲಿ ಹಿಂದೆ ಜೋಳ, ಸಜ್ಜೆ, ತೊಗರಿ, ಶೇಂಗಾ, ಹತ್ತಿಗಳು ಮಳೆಯನ್ನೇ ನೆಚ್ಚಿ ಬೆಳೆಯುತ್ತಿದ್ದವು. ಮನೆಯ ಹಗೇವಿಗೆ ಹೋಗುವ ಜೋಳಕ್ಕೆ ಪೇಟೆಯ ದರದ ಹಂಗು ಅಷ್ಟಾಗಿ ಇರಲಿಲ್ಲ. 1980ರ ದಶಕದಲ್ಲಿ ನಾರಾಯಣಪುರದ ಬಸವಸಾಗರದಿಂದ ಎಡದಂಡೆಯ ಕಾಲುವೆಗಳಲ್ಲಿ ಕೃಷ್ಣೆಯ ನೀರು ಹರಿದ ಮೇಲೆ ಬತ್ತ ಬಂದಿತು, ಮೆಣಸಿನಕಾಯಿ ಬಂದಿತು, ಹತ್ತಿಯ ಬೆಳೆ ಹಬ್ಬಿತು. ಉಣ್ಣಲು ಬೆಳೆಯುತ್ತಿದ್ದವನು ಮಾರಲು ಬೆಳೆಯತೊಡಗಿದನು. ತಾಳಿಕೋಟೆ, ಸುರಪುರ, ಶಹಾಪುರ, ಯಾದಗಿರಿ, ರಾಯಚೂರು, ಮೆಣಸಿನಕಾಯಿಗಾದರೆ ದೂರದ ಬ್ಯಾಡಗಿ, ಹೀಗೆ ಅವನ ಬದುಕಿನ ನಿರ್ಣಯವು ತನ್ನ ಊರ ಸೀಮೆಯಾಚೆಯ ಕಟ್ಟೆಗಳ ಮೇಲೆ ಆಗತೊಡಗಿತು. ಆ ಕಟ್ಟೆಯ ಮೇಲೆ ದರವನ್ನು ಯಾರು ಹೇಳುತ್ತಾರೆ, ಹೇಗೆ ಹೇಳುತ್ತಾರೆ ಎಂಬ ಪ್ರಶ್ನೆಯು ಅಂದಿನಿಂದ ಈ ಸೀಮೆಯ ಪ್ರತಿ ಮನೆಯ ಪ್ರಶ್ನೆಯಾಯಿತು.

ಬೆಲೆಯನ್ನು ಕೂಗಿ ಹೇಳುವ ಪದ್ಧತಿ ನಮಗೆ ಪಶ್ಚಿಮದಿಂದ ಬಂದುದೆಂದು ಭಾವಿಸುವವರುಂಟು. ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದು ನೋಡಿದವರಿಗೆ ಆ ಭಾವನೆ ಉಳಿಯದು. ಸುಂಕದ ಕಟ್ಟೆಯ ಧ್ವಜದ ಬುಡದಲ್ಲಿ ವರ್ತಕನು ತನ್ನ ಸರಕಿನ ಪ್ರಮಾಣವನ್ನೂ ಬೆಲೆಯನ್ನೂ ಸಾರಿ, ಕೊಳ್ಳುವವರಾರೆಂದು ಮೂರು ಬಾರಿ ಕೇಳಬೇಕೆಂದು ಅಲ್ಲಿ ವಿಧಿಸಿದೆ. ಮನೆ ಹೊಲಗಳ ಮಾರಾಟಕ್ಕಂತೂ ಇನ್ನೂ ಹೆಚ್ಚಿನ ಕಟ್ಟುಪಾಡುಗಳಿವೆ: ಮೊದಲ ಹಕ್ಕು ಜ್ಞಾತಿಗಳಿಗೆ, ಬಳಿಕ ನೆರೆಯವರಿಗೆ, ಬಳಿಕ ಸಾಲ ಕೊಟ್ಟ ಧನಿಕರಿಗೆ, ಸುತ್ತಣ ನಾಲ್ವತ್ತು ಕುಲಗಳವರ ಸಮಕ್ಷಮ, ಆ ಮನೆಯ ಎದುರಿನಲ್ಲಿಯೇ, ಮೇರೆಗಳನ್ನು ವಿವರಿಸಿ ಬೆಲೆಯನ್ನು ಸಾರಬೇಕು, ಮೂರು ಸಲ ಕೂಗಿದರೂ ಯಾರೂ ಅಡ್ಡಿಮಾಡದಿದ್ದರೆ ಕೊಳ್ಳಬಂದವನಿಗೆ ಅದು ಸಲ್ಲಬೇಕು. ಸ್ಪರ್ಧೆಯಿಂದ ಬೆಲೆ ಏರಿದರೆ ಆ ಏರಿಕೆಯು ಸುಂಕಸಹಿತ ರಾಜನ ಬೊಕ್ಕಸಕ್ಕೆ ಹೋಗಬೇಕೆಂಬ ಒಂದು ನಿಯಮವನ್ನು ಮಾತ್ರ ನಾನು ಒಪ್ಪಲಾರೆ. ಬೆವರು ಸುರಿಸಿದವನಿಗೆ ಸಲ್ಲಬೇಕಾದುದು ಅದು. ಆದರೆ ಗುಟ್ಟಿನಲ್ಲಿ ನಡೆದ ಮಾರಾಟವು ಮಾರಾಟವೇ ಅಲ್ಲವೆಂಬ ಆ ಪ್ರಾಚೀನನ ನಿಲುವು ಎಷ್ಟು ಗಟ್ಟಿಯಾದುದು ಎಂಬುದನ್ನು ಗಮನಿಸಬೇಕು. ಇಂದಿಗೂ ನಮ್ಮ ಹಳ್ಳಿಗಳಲ್ಲಿ, ಕನ್ನಡದಲ್ಲಿಯೋ ದಖನಿ ಉರ್ದುವಿನಲ್ಲಿಯೋ, ಒಂದು ಸಲ, ಎರಡು ಸಲ, ಮೂರು ಸಲ ಎಂಬ ಕೂಗು ಮುಗಿಯದೆ ಸವಾಲು ಮುಗಿಯುವುದಿಲ್ಲ.

ಇದಕ್ಕೆ ವಿರುದ್ಧವಾದ ಪದ್ಧತಿಯೊಂದು ನಮ್ಮ ಪೇಟೆಗಳನ್ನು ಬಹುಕಾಲ ಆಳಿತು. ದಲಾಲನೂ ಖರೀದಿದಾರನೂ ಎದುರುಬದುರು ಕುಳಿತು, ಕೈಗಳ ಮೇಲೆ ಒಂದು ವಸ್ತ್ರವನ್ನು ಹೊದಿಸಿ, ಆ ಮರೆಯಲ್ಲಿ ಬೆರಳುಗಳನ್ನು ಹಿಡಿದು ದರ ಕುದುರಿಸುತ್ತಿದ್ದರು. ಹಿಡಿದ ಬೆರಳುಗಳೆಷ್ಟೋ ಬೆಲೆಯ ಅಂಕಿ ಅಷ್ಟು. ಅದು ಹತ್ತರ ಲೆಕ್ಕವೋ ನೂರರ ಲೆಕ್ಕವೋ ಎಂಬುದು ಅವರಿಬ್ಬರಿಗೇ ತಿಳಿದ ಮಾತು. ಚೀಲಗಳ ಒಡೆಯನಾದ ರೈತನು ಎರಡು ಮೊಳ ದೂರದಲ್ಲಿ ಕುಳಿತು ಆ ವಸ್ತ್ರದ ಅಲುಗಾಟವನ್ನು ನೋಡುತ್ತಿದ್ದನೇ ಹೊರತು ತನ್ನ ವರ್ಷದ ದುಡಿಮೆಗೆ ಯಾರು ಎಷ್ಟು ಕೇಳಿದರು, ಯಾರು ಎಷ್ಟಕ್ಕೆ ನಿಂತರು ಎಂಬುದನ್ನು ಅರಿಯಲು ಅವನಿಗೆ ಮಾರ್ಗವಿರಲಿಲ್ಲ. ಕೊನೆಗೆ ದಲಾಲನು ಹೇಳಿದ ಒಂದೇ ಅಂಕಿ ಅವನ ಪಾಲಿಗೆ ಬರುತ್ತಿತ್ತು. ದನದ ಜಾತ್ರೆಗಳಲ್ಲಿ ಇಂದಿಗೂ ಈ ರೂಢಿಯುಂಟು. ಅಲ್ಲಿ ಎರಡೂ ಕಡೆಯವರು ದನದ ಮರ್ಮವರಿತ ರೈತರೇ ಆಗಿರುವುದರಿಂದ ಅದರ ಕೆಡುಕು ಕಡಿಮೆ. ಆದರೆ ಅಡತಿ ಅಂಗಡಿಯಲ್ಲಿ ದಲಾಲನಿಗೆ ಖರೀದಿದಾರನು ನಿತ್ಯದ ನೆಂಟ, ರೈತನು ವರ್ಷಕ್ಕೊಮ್ಮೆ ಬರುವ ಅತಿಥಿ. ಅದರ ಮೇಲೆ ಬೀಜಕ್ಕೆ, ಗೊಬ್ಬರಕ್ಕೆ, ಮಗಳ ಮದುವೆಗೆ ಆ ದಲಾಲನಿಂದಲೇ ಮುಂಗಡ ಪಡೆದಿರುವ ರೈತನು ಬೇರೆ ಅಂಗಡಿಯ ಮೆಟ್ಟಿಲು ಹತ್ತುವಂತೆಯೂ ಇಲ್ಲ. ವಸ್ತ್ರದ ಮರೆಯಲ್ಲಿ ಯಾರ ಬೆರಳು ಯಾರ ಕಡೆಗೆ ಬಾಗುತ್ತಿತ್ತೆಂಬುದನ್ನು ಊಹಿಸಲು ಹೆಚ್ಚಿನ ಪಾಂಡಿತ್ಯ ಬೇಡ.

ಈ ವಸ್ತ್ರವನ್ನು ತೆಗೆಸಲು ನಮ್ಮ ದೇಶಕ್ಕೆ ಬಹಳ ವರ್ಷಗಳು ಬೇಕಾದವು. ನಿಜಾಮನ ಸಂಸ್ಥಾನಕ್ಕೆ ಸೇರಿದ್ದು ಬ್ರಿಟಿಷರ ಆಡಳಿತದಲ್ಲಿದ್ದ ವರ್ಹಾಡ ಪ್ರಾಂತದ ಕಾರಂಜದಲ್ಲಿ 1886ರಲ್ಲಿ ಮೊದಲ ನಿಯಂತ್ರಿತ ಹತ್ತಿ ಮಾರುಕಟ್ಟೆ ಸ್ಥಾಪಿತವಾಯಿತು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಒಳ್ಳೆಯ ಹತ್ತಿ ಬೇಕಾಗಿದ್ದುದೇ ಅದಕ್ಕೆ ಪ್ರೇರಣೆ ಎಂಬುದನ್ನೂ ಮರೆಯಬಾರದು. 1928ರಲ್ಲಿ ರಾಯಲ್ ಕೃಷಿ ಆಯೋಗವು ತನ್ನ ವರದಿಯನ್ನು ಸಲ್ಲಿಸಿ, ಧರ್ಮಾದಾಯದ ಹೆಸರಿನಲ್ಲಿ, ಮಾದರಿಯ ಹೆಸರಿನಲ್ಲಿ, ಕಸಗುಡಿಸುವವನಿಂದ ಹಿಡಿದು ನೀರು ಕೊಡುವವನವರೆಗೆ ಎಲ್ಲರ ಹೆಸರಿನಲ್ಲಿಯೂ ರೈತನ ರಾಶಿಯಿಂದ ಮುರಿದುಕೊಳ್ಳುತ್ತಿದ್ದ ಬಗೆಯನ್ನು ಬಯಲಿಗಿಟ್ಟು, ನಿಯಂತ್ರಿತ ಮಾರುಕಟ್ಟೆಗಳನ್ನು ದೇಶದಲ್ಲೆಲ್ಲ ತೆರೆಯಬೇಕೆಂದು ಸೂಚಿಸಿತು. ಹೈದರಾಬಾದ್ ಸಂಸ್ಥಾನವು 1930ರಲ್ಲಿಯೇ ತನ್ನ ಕೃಷಿ ಮಾರುಕಟ್ಟೆ ಕಾಯಿದೆಯನ್ನು ಮಾಡಿತು. ಮೈಸೂರಿನಲ್ಲಿಯೂ ಮುಂಬಯಿ ಪ್ರಾಂತದಲ್ಲಿಯೂ ಕೃಷಿ ಉತ್ಪನ್ನಗಳಿಗೆ ಅಂಥ ಸಮಗ್ರ ಶಾಸನ ಬಂದುದು 1939ರಲ್ಲಿ ಎಂಬುದನ್ನು ನೋಡಿದರೆ, ಈ ಒಂದು ವಿಷಯದಲ್ಲಾದರೂ ನಮ್ಮ ಭಾಗವು ಹಿಂದುಳಿದಿರಲಿಲ್ಲ. ಏಕೀಕರಣದ ಅನಂತರ ಇಡೀ ರಾಜ್ಯಕ್ಕೆ ಅನ್ವಯಿಸುವ 1966ರ ಕಾಯಿದೆಯು ರೂಪುಗೊಂಡು, ಅಂಗಳದಲ್ಲಿ ಸಮಿತಿಯ ಮೇಲ್ವಿಚಾರಣೆಯಲ್ಲಿ ಬಹಿರಂಗ ಹರಾಜಿನ ಮೂಲಕವೋ ಟೆಂಡರಿನ ಮೂಲಕವೋ ಮಾರಾಟ ನಡೆಯಬೇಕೆಂಬುದು ನಿಯಮವಾಯಿತು. ವಸ್ತ್ರದ ಮರೆ ಹೋಗಿ ಕಂಠವು ಬಂದಿತು.

ಆ ಕಂಠದ ಕೆಲಸವನ್ನು ಹಗುರವೆಂದು ಯಾರೂ ಎಣಿಸಬಾರದು. ಸುಗ್ಗಿಯ ದಿನಗಳಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಅಂಗಡಿಯಿಂದ ಅಂಗಡಿಗೆ, ರಾಶಿಯಿಂದ ರಾಶಿಗೆ ಸಾಗುವ ಹರಾಜಿನ ಗುಂಪಿನ ಮುಂದಾಳು ಅವನು. ತೊಗರಿಯನ್ನು ಬೊಗಸೆಯಲ್ಲಿ ಎತ್ತಿ ನೋಡಿದೊಡನೆಯೇ ಅದರ ತೇವವನ್ನೂ ತೂಕವನ್ನೂ ಅವನು ಗ್ರಹಿಸಬೇಕು. ಹತ್ತಿಯ ಎಳೆಯನ್ನು ಎರಡು ಬೆರಳುಗಳ ನಡುವೆ ಎಳೆದು ಅದರ ಉದ್ದವನ್ನು ಅಳೆಯಬೇಕು. ನಿನ್ನೆಯ ರಾಯಚೂರಿನ ದರವೂ ಮೊನ್ನೆಯ ಕಲಬುರಗಿಯ ದರವೂ ನಾಲಗೆಯ ತುದಿಯಲ್ಲಿರಬೇಕು. ಸವಾಲನ್ನು ಬಹಳ ಮೇಲಿಂದ ಎತ್ತಿದರೆ ಖರೀದಿದಾರರು ಮೌನ ತಾಳುತ್ತಾರೆ, ಆ ಮೌನದಿಂದ ರಾಶಿಗೆ ಕೆಟ್ಟ ಹೆಸರು ಬರುತ್ತದೆ. ಬಹಳ ಕೆಳಗಿಂದ ಎತ್ತಿದರೆ ಏರುವ ಮೊದಲೇ ಉತ್ಸಾಹ ಬತ್ತುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಎರಡನೆಯ ಕೂಗಿಗೂ ಮೂರನೆಯ ಕೂಗಿಗೂ ನಡುವಿನ ಕ್ಷಣ. “ಯಾರರೆ ಏರಸ್ತೀರೇನ್ರೀ, ಇಲ್ಲಂದ್ರ ಬಿಟ್ಟೆ ನೋಡ್ರೀ” ಎಂದು ಕೇಳಿ, ಯಾರ ಕಣ್ಣಿನಲ್ಲಿ ಇನ್ನೂ ಆಸೆ ಉಳಿದಿದೆಯೆಂದು ಗುರುತಿಸಿ, ಅವನ ಕಡೆಗೆ ತಿರುಗಿ ಒಂದು ಉಸಿರಿನಷ್ಟು ಹೊತ್ತು ಕಾಯಬಲ್ಲವನೇ ಈ ವೃತ್ತಿಯಲ್ಲಿ ನಿಪುಣ. ಆ ಒಂದು ಉಸಿರಿನಲ್ಲಿ ಕ್ವಿಂಟಾಲಿಗೆ ಏರುವ ಹತ್ತಿಪ್ಪತ್ತು ರೂಪಾಯಿಗಳು ಮೂವತ್ತು ಚೀಲ ತಂದವನ ಮನೆಯಲ್ಲಿ ಮಕ್ಕಳ ಶಾಲೆಯ ಪುಸ್ತಕಗಳಾಗುತ್ತವೆ.

ಆದರೂ ಕೇವಲ ದನಿಯಿಂದ ಎಲ್ಲ ಕೇಡೂ ನಿವಾರಣೆಯಾಯಿತೆಂದು ಹೇಳಿದರೆ ಅದು ಅಸತ್ಯವಾದೀತು. ಖರೀದಿದಾರರು ಮೊದಲೇ ಒಳಗೊಳಗೆ ಮಾತನಾಡಿಕೊಂಡು, ಈ ರಾಶಿ ನಿನಗೆ, ಆ ರಾಶಿ ನನಗೆ ಎಂದು ಹಂಚಿಕೊಂಡು ಬಂದಿದ್ದರೆ ಎಂತಹ ಕಂಠವೂ ನಿಷ್ಫಲ. ಬಹಿರಂಗ ಹರಾಜಿನ ಗುಣವೇನೆಂದರೆ, ಅಂತಹ ಕೂಟವಿದ್ದಾಗ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ: ಐವರು ಖರೀದಿದಾರರು ನಿಂತಿದ್ದೂ ಒಬ್ಬನೇ ಬಾಯಿತೆರೆದರೆ ಅಂಗಳದಲ್ಲಿದ್ದ ರೈತರಿಗೆ ಅದರ ಅರ್ಥ ಆ ಕ್ಷಣವೇ ತಿಳಿಯುತ್ತದೆ, ಗದ್ದಲವೇಳುತ್ತದೆ, ಸಮಿತಿಯ ಕಾರ್ಯದರ್ಶಿ ಹೊರಬರಬೇಕಾಗುತ್ತದೆ. ಬಂದ ದರ ಒಪ್ಪಿಗೆಯಾಗದಿದ್ದರೆ ಸರಕನ್ನು ಕೊಡುವುದಿಲ್ಲವೆನ್ನುವ ಹಕ್ಕು ರೈತನಿಗುಂಟು. ಆ ಹಕ್ಕನ್ನು ಚಲಾಯಿಸುವ ಧೈರ್ಯವು ಅವನಿಗೆ ಬರುವುದೂ ಹತ್ತು ಜನ ರೈತರು ಅದೇ ದರವನ್ನು ಕೇಳಿಸಿಕೊಂಡು ತಲೆಯಾಡಿಸಿದಾಗಲೇ.

ಪೇಟೆಯ ಅಂಗಳದಿಂದ ಗುಡಿಯ ಅಂಗಳಕ್ಕೆ ಬಂದರೆ ಅದೇ ದನಿ ಬೇರೊಂದು ಧರ್ಮವನ್ನು ಪಾಲಿಸುತ್ತದೆ. ನಮ್ಮ ಭಾಗದ ಅನೇಕ ಜಾತ್ರೆಗಳಲ್ಲಿ, ತೇರು ನಿಂತ ಮೇಲೆಯೋ ಮರುದಿನವೋ, ದೇವರಿಗೆ ಬಂದ ತೆಂಗಿನಕಾಯಿ, ಕೊಬ್ಬರಿ, ಸೀರೆ, ಕುಬಸಗಳನ್ನು ಒಂದೊಂದಾಗಿ ಎತ್ತಿಹಿಡಿದು ಲಿಲಾವು ಮಾಡುವುದುಂಟು. ಇಲ್ಲಿ ಕೂಗುವವನು ಸರಕಿನ ಗುಣವನ್ನು ಹೊಗಳುವುದಿಲ್ಲ. ಊರ ಮನೆತನಗಳನ್ನು ಬಲ್ಲವನಾದ ಆತ ಕಳೆದ ವರ್ಷ ಮಗ ಹುಟ್ಟಿದವನನ್ನು, ಬಾವಿಯಲ್ಲಿ ನೀರು ಬಿದ್ದವನನ್ನು, ಪಟ್ಟಣದಲ್ಲಿ ನೌಕರಿ ಹಿಡಿದು ಜಾತ್ರೆಗೆಂದು ಊರಿಗೆ ಬಂದವನನ್ನು ಹೆಸರು ಹಿಡಿದು ಕರೆಯುತ್ತಾನೆ. 2021ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಲಕಿಯ ಮಾಳಿಂಗರಾಯನ ಗುಡಿಯಲ್ಲಿ ಒಂದು ತೆಂಗಿನಕಾಯಿಯು 6.50 ಲಕ್ಷ ರೂಪಾಯಿಗೆ ಹೋದ ಸುದ್ದಿಯನ್ನು ಪತ್ರಿಕೆಗಳಲ್ಲಿ ನೀವೂ ಓದಿರಬಹುದು. ಇದನ್ನು ಮೌಢ್ಯವೆಂದು ತಳ್ಳಿಹಾಕುವವರೊಡನೆ ನನಗೆ ಸಹಮತವಿಲ್ಲ. ಗುಡಿಯ ಮಾಳಿಗೆಗೆ, ದಾಸೋಹಕ್ಕೆ, ಊರ ಶಾಲೆಯ ಕೋಣೆಗೆ ಬೇಕಾದ ಹಣವನ್ನು ಉಳ್ಳವನಿಂದ ಮನನೋಯದಂತೆ, ಅವನಿಗೆ ಗೌರವವೂ ಬರುವಂತೆ ಎತ್ತುವ ಉಪಾಯ ಇದಕ್ಕಿಂತ ಉತ್ತಮವಾದುದು ಹಳ್ಳಿಗೆ ಇನ್ನೂ ದೊರೆತಿಲ್ಲ. ಕೂಗಿ ಒಪ್ಪಿಕೊಂಡ ಹಣವನ್ನು ಮುಂದಿನ ಜಾತ್ರೆಯೊಳಗೆ ತಂದು ಮುಟ್ಟಿಸುವ ವಾಡಿಕೆಯೂ ಕೆಲವೆಡೆ ಉಂಟು. ಅಲ್ಲಿ ಪತ್ರವಿಲ್ಲ, ಜಾಮೀನಿಲ್ಲ, ನೂರು ಕಿವಿಗಳು ಕೇಳಿದ ಮಾತಿದೆ.

ಆದರೆ ಒಂದು ಮಾತನ್ನು ನೋವಿನಿಂದಲೇ ಹೇಳಬೇಕಾಗಿದೆ. ಸವಾಲು ಇಂಥ ದಿನ, ಇಂಥ ಹೊತ್ತಿಗೆ ಎಂದು ಓಣಿಓಣಿಗೂ ಹಲಗೆ ಬಾರಿಸಿ ಡಂಗುರ ಸಾರಿದವನು ದಲಿತರ ಕೇರಿಯವನು. ಅವನ ಹಲಗೆಯ ಸದ್ದನ್ನು ಕೇಳಿಯೇ ಊರು ನೆರೆಯುತ್ತಿತ್ತು. ಆದರೆ ನೆರೆದ ಆ ಸಭೆಯಲ್ಲಿ ನಿಂತು, ದೇವರ ತೆಂಗಿನಕಾಯಿಗೆ ತಾನೂ ಒಂದು ಸವಾಲು ಹಾಕುವ ಅವಕಾಶ ಅವನಿಗೆ ಎಷ್ಟೋ ಊರುಗಳಲ್ಲಿ ಇರಲಿಲ್ಲ. ಬೆಲೆ ಕೂಗುವ ದನಿ ಎಲ್ಲರಿಗೂ ಕೇಳಿಸುತ್ತಿತ್ತು. ಎಲ್ಲರ ದನಿಯೂ ಬೆಲೆಯಾಗಿ ಎಣಿಕೆಗೆ ಬರುತ್ತಿರಲಿಲ್ಲ. ಹರಾಜಿನ ನ್ಯಾಯವನ್ನು ನಾನು ಎಷ್ಟೇ ಎತ್ತಿಹಿಡಿದರೂ, ಯಾರು ಬಾಯಿ ತೆರೆಯಬಹುದೆಂಬುದನ್ನು ಹುಟ್ಟಿನಿಂದ ಗೊತ್ತುಮಾಡಿದ ಕಡೆ ಆ ನ್ಯಾಯ ಅರ್ಧನ್ಯಾಯವೇ ಸರಿ.

ಇದೇ ಹಲಗೆಯ ಸದ್ದು ಮನೆಯ ಮುಂದೆ ಬಂದು ನಿಂತಾಗ ಎದೆ ನಡುಗಿಸುತ್ತಿದ್ದ ಸಂದರ್ಭವೂ ಒಂದುಂಟು. ಕಂದಾಯ ಬಾಕಿಯ, ಸಾಲದ ಡಿಕ್ರಿಯ ಜಪ್ತಿಯ ಹರಾಜು ಅದು. ಅಲ್ಲಿ ಕೂಗುವವನು ಸರ್ಕಾರದ ಅಥವಾ ನ್ಯಾಯಾಲಯದ ಬಾಯಿ. ಆದರೂ ಶಾಸನವು ಆ ಬಾಯಿಗೆ ಕೆಲವು ಕಡಿವಾಣಗಳನ್ನು ಹಾಕಿದೆ. ನಮ್ಮ ರೈತರು ಇವನ್ನು ತಿಳಿದಿರಬೇಕು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನ ಪ್ರಕಾರ ಒಕ್ಕಲುತನಕ್ಕೆ ಬೇಕಾದ ಸಲಕರಣೆಗಳನ್ನೂ, ಜೀವನೋಪಾಯಕ್ಕೆ ಅವಶ್ಯವಾದ ದನಗಳನ್ನೂ ಬೀಜದ ಕಾಳನ್ನೂ, ಉಡುವ ಬಟ್ಟೆ ಅಡುಗೆಯ ಪಾತ್ರೆಗಳನ್ನೂ, ಧರ್ಮಾಚಾರದಂತೆ ಹೆಣ್ಣುಮಗಳು ಮೈಮೇಲಿಂದ ತೆಗೆಯಬಾರದ ಆಭರಣಗಳನ್ನೂ ಜಪ್ತಿ ಮಾಡುವಂತಿಲ್ಲ. ಜಮೀನಿನ ಜಪ್ತಿಯನ್ನು ಆ ಸ್ಥಳದಲ್ಲಿಯೇ ಡಂಗುರದಿಂದಲೋ ರೂಢಿಯಲ್ಲಿರುವ ಬೇರೆ ಬಗೆಯಿಂದಲೋ ಸಾರಬೇಕು. ಡಿಕ್ರಿ ಪಡೆದ ಸಾಲಿಗನು ನ್ಯಾಯಾಲಯದ ಅಪ್ಪಣೆಯಿಲ್ಲದೆ ಸವಾಲು ಹಾಕುವಂತಿಲ್ಲ. ಹರಾಜಿನ ಕೆಲಸದಲ್ಲಿರುವ ಅಧಿಕಾರಿಯಂತೂ ಹಾಕಲೇ ಕೂಡದು. ಜಮೀನು ಹರಾಜಾಗಿಹೋದ ಮೇಲೆಯೂ ಗೊತ್ತಾದ ಅವಧಿಯೊಳಗೆ ಸಾಲದ ಮೊತ್ತವನ್ನೂ, ಕೊಂಡವನಿಗೆ ಕೊಡಬೇಕಾದ ಶೇಕಡಾ 5ರ ಪರಿಹಾರವನ್ನೂ ಕಟ್ಟಿ ಮಾರಾಟವನ್ನು ರದ್ದುಗೊಳಿಸುವ ಅವಕಾಶವುಂಟು. ಶಾಸನಕ್ಕಿಂತಲೂ ಹಳೆಯದಾದ ಇನ್ನೊಂದು ರಕ್ಷಣೆ ಊರಿನ ಮೌನ. ಕಷ್ಟಕ್ಕೆ ಸಿಕ್ಕಿದ ನೆರೆಯವನ ಹೊಲಕ್ಕೆ ಸವಾಲು ಹಾಕಬಾರದೆಂಬ ಮರ್ಯಾದೆಯನ್ನು ಹಳ್ಳಿಗಳು ಹಿಂದಿನಿಂದಲೂ ಕಾಯ್ದುಕೊಂಡು ಬಂದಿವೆ: ನ್ಯಾಯಾಲಯದ ಅಮೀನನು ಕೂಗುತ್ತಾನೆ, ಜನ ನೆಲ ನೋಡುತ್ತ ನಿಲ್ಲುತ್ತಾರೆ, ಹರಾಜು ಮುಂದಕ್ಕೆ ಹೋಗುತ್ತದೆ, ಅಷ್ಟರಲ್ಲಿ ಒಂದು ಮಳೆಗಾಲ ದೊರೆಯುತ್ತದೆ. ಪೇಟೆಯಲ್ಲಿ ಖರೀದಿದಾರರ ಮೌನವನ್ನು ಖಂಡಿಸಿದ ನಾನೇ ಈ ಮೌನವನ್ನು ಮೆಚ್ಚುತ್ತೇನೆ. ಅದು ಬಲವುಳ್ಳವರ ಸಂಚು, ಇದು ಬಲವಿಲ್ಲದವರ ಐಕಮತ್ಯ.

ಮಾರಬಾರದುದನ್ನು ಮಾರುವ ಹರಾಜುಗಳೂ ಈ ನಾಡಿನಲ್ಲಿ ನಡೆದಿವೆ. ನಿಜಾಮನ ಕಾಲದ ಶೇಂದಿಯ ಅಬಕಾರಿ ಹರಾಜುಗಳಿಂದ ಮೊದಲ್ಗೊಂಡು, 2007ರ ಜುಲೈ 1ರಂದು ಸಾರಾಯಿ ನಿಷೇಧವಾಗುವವರೆಗೆ ನಡೆದುಬಂದ ಸಾರಾಯಿ ಹರಾಜುಗಳವರೆಗೆ, ಸರ್ಕಾರದ ಬೊಕ್ಕಸ ತುಂಬಿದಷ್ಟೂ ಕೂಲಿಯವನ ಮನೆ ಬರಿದಾಯಿತು. 2020ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಕೆಲವು ಊರುಗಳವರು ಗುಡಿಯ ಕಟ್ಟೆಯ ಮೇಲೆ ಸದಸ್ಯಸ್ಥಾನಗಳನ್ನೇ ಸವಾಲಿಗಿಟ್ಟ ವರ್ತಮಾನ ಬಂದು, ರಾಜ್ಯ ಚುನಾವಣಾ ಆಯೋಗವು ಎಚ್ಚರಿಕೆ ಕೊಡಬೇಕಾಯಿತು. ಹಣವು ಊರ ಗುಡಿಗೆ ಹೋಗುತ್ತದೆಂಬ ಸಮಾಧಾನ ಅಲ್ಲಿ ಸಲ್ಲದು. ಹಣವಿಲ್ಲದವನ ಮತವು ಆ ಸವಾಲಿನಲ್ಲಿ ಕರಗಿಹೋಯಿತು.

ಇನ್ನು ಇಂದಿನ ಸ್ಥಿತಿಗೆ ಬರೋಣ. 2014ರಲ್ಲಿ ಕರ್ನಾಟಕವು ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿ ದೇಶಕ್ಕೇ ದಾರಿ ತೋರಿಸಿತು. 2016ರ ಏಪ್ರಿಲ್ 14ರಂದು ಕೇಂದ್ರ ಸರ್ಕಾರದ ಇ-ನಾಮ್ ಎಂಬ ರಾಷ್ಟ್ರೀಯ ಕೃಷಿ ಮಾರುಕಟ್ಟೆ ಜಾಲ ಬಂದಿತು. ಈಗ ರಾಶಿಗೆ ಲಾಟ್ ಸಂಖ್ಯೆ ಬೀಳುತ್ತದೆ. ಖರೀದಿದಾರರು ಮಾದರಿಯನ್ನು ನೋಡಿ ಹೋಗುತ್ತಾರೆ. ಗೊತ್ತಾದ ವೇಳೆಯೊಳಗೆ ತಂತಮ್ಮ ದರವನ್ನು ಗಣಕಯಂತ್ರದಲ್ಲಿಯೋ ಮೊಬೈಲಿನಲ್ಲಿಯೋ ನಮೂದಿಸುತ್ತಾರೆ. ವೇಳೆ ಮುಗಿದೊಡನೆ ಅತ್ಯಧಿಕ ದರವು ಪ್ರಕಟವಾಗುತ್ತದೆ. ಒಬ್ಬನ ದರ ಮತ್ತೊಬ್ಬನಿಗೆ ಕಾಣದಿರುವುದರಿಂದ ಕೂಟ ಕಟ್ಟುವುದು ಕಷ್ಟ, ದೂರದ ಊರಿನ ಖರೀದಿದಾರನೂ ಭಾಗವಹಿಸಬಲ್ಲನು, ತೂಕದ ಲೆಕ್ಕದಲ್ಲಿ ಶಿಸ್ತು ಬಂದಿದೆ. 2020ರಲ್ಲಿ ಪ್ರಕಟವಾದ ಒಂದು ವಿದ್ವತ್ ಅಧ್ಯಯನವು, ಕರ್ನಾಟಕದ ಈ ವ್ಯವಸ್ಥೆಯಿಂದ ಬತ್ತದ ದರ ಸರಾಸರಿ ಶೇಕಡಾ 5.1, ಶೇಂಗಾದ ದರ 3.6, ಮೆಕ್ಕೆಜೋಳದ ದರ 3.5ರಷ್ಟು ಏರಿತೆಂದು ಕಂಡುಕೊಂಡಿದೆ. ಕೊಡೇಕಲ್ ಸೀಮೆಯ ಬತ್ತ, ಶೇಂಗಾಗಳಿಗೂ ಸಂಬಂಧಿಸಿದ ಈ ಲಾಭವನ್ನು ನಾನು ಕೃತಜ್ಞತೆಯಿಂದ ಒಪ್ಪುತ್ತೇನೆ. ಹಳೆಯದೆಂಬ ಒಂದೇ ಕಾರಣಕ್ಕೆ ಹಳೆಯ ಪದ್ಧತಿಯನ್ನು ಹಿಡಿದು ಕೂರುವುದು ಸರಿಯಲ್ಲ.

ಆದರೆ ಅಂಗಡಿಯ ಮುಂದೆ ಚೀಲದ ಮೇಲೆ ಕುಳಿತ ರೈತನ ಕಡೆಯಿಂದ ಒಮ್ಮೆ ನೋಡಿರಿ. ಎಷ್ಟು ಜನ ತನ್ನ ರಾಶಿಯನ್ನು ಕೇಳಿದರು, ಎರಡನೆಯವನು ಎಲ್ಲಿಗೆ ನಿಂತನು, ಪಕ್ಕದ ರಾಶಿಗೆ ಏಕೆ ನೂರು ರೂಪಾಯಿ ಹೆಚ್ಚು ಬಂದಿತು ಎಂಬುದನ್ನು ಅವನು ಕೇಳಿಸಿಕೊಳ್ಳುವಂತಿಲ್ಲ. ಮೊಬೈಲಿಗೆ ಬಂದ ಸಂದೇಶವನ್ನು ಓದಲಾರದವನು ಅದನ್ನು ಓದಿಸಿಕೊಳ್ಳಲು ಮತ್ತೆ ಅಡತಿ ಗುಮಾಸ್ತನ ಬಳಿಗೇ ಹೋಗಬೇಕು. ಬೆಲೆ ಹೆಚ್ಚಿರಬಹುದು, ಆದರೆ ಆ ಬೆಲೆ ಹುಟ್ಟಿದ ಬಗೆ ಅವನ ಕಿವಿಯಿಂದ ದೂರವಾಯಿತು. ಯಂತ್ರವನ್ನು ಬಿಡದೆಯೇ ದನಿಯನ್ನು ಉಳಿಸಿಕೊಳ್ಳಬಹುದೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಆಧಾರವುಂಟು: ಬೇಳೆಕಾಳಿನ ದೊಡ್ಡ ಮಾರುಕಟ್ಟೆಯೊಂದರಲ್ಲಿ ಮೊದಲ ಸುತ್ತಿನಲ್ಲಿ ಮುಂದಿದ್ದವರಿಗೆ ದರ ಏರಿಸಲು ಎರಡನೆಯ ಸುತ್ತೊಂದನ್ನು ಕೊಟ್ಟು ನೋಡಿದಾಗ ರೈತರಿಗೆ ದೊರೆಯುವ ಬೆಲೆ ಇನ್ನೂ ಮೇಲೇರಿತು. ಹಿಂದೆ ಕೂಗುವವನು ಮೂರನೆಯ ಕೂಗಿಗೆ ಮುನ್ನ ಕಾಯುತ್ತಿದ್ದ ಆ ಒಂದು ಉಸಿರನ್ನೇ ಅಲ್ಲಿ ಗಣಕಯಂತ್ರಕ್ಕೆ ಕಲಿಸಿದಂತಾಯಿತು.

ಆದುದರಿಂದ ನಮ್ಮ ಸುರಪುರ, ಶಹಾಪುರ, ಯಾದಗಿರಿಗಳ ಮಾರುಕಟ್ಟೆ ಸಮಿತಿಗಳವರಲ್ಲಿ ನನ್ನ ವಿನಂತಿ ಇಷ್ಟು. ಟೆಂಡರಿನ ವೇಳೆ ಮುಗಿದೊಡನೆ, ಅಂಗಳದ ಧ್ವನಿವರ್ಧಕದಲ್ಲಿ ಒಬ್ಬನು ನಿಂತು, ಪ್ರತಿ ಲಾಟಿನ ಸಂಖ್ಯೆ, ಸರಕು, ಕೇಳಿದವರ ಎಣಿಕೆ, ಅತ್ಯಧಿಕ ದರ, ಅದರ ಕೆಳಗಿನ ದರ ಇವನ್ನು ಸ್ಪಷ್ಟವಾದ ಕನ್ನಡದಲ್ಲಿ ಸಾರಲಿ; ರೈತನು ಒಪ್ಪಿಗೆ ಕೊಡುವ ಮುನ್ನವೇ ಸಾರಲಿ. ಹರಾಜು ಕೂಗಿ ಪಳಗಿದವರು ನಮ್ಮ ಪೇಟೆಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ಈ ಕೆಲಸವನ್ನು ವಹಿಸಬಹುದು, ಅವರ ಕೈಕೆಳಗೆ ಇಬ್ಬರು ತರುಣರನ್ನು, ಸಾಧ್ಯವಾದರೆ ಒಬ್ಬ ತರುಣಿಯನ್ನೂ, ತರಬೇತಿಗೆ ನಿಲ್ಲಿಸಬಹುದು. ಧ್ವನಿವರ್ಧಕಕ್ಕೆ ತಗಲುವ ವೆಚ್ಚ ಅಲ್ಪ. ಅಂಕಿಗಳು ಹೇಗೂ ಯಂತ್ರದಲ್ಲಿ ಇರುವಂಥವೇ. ಬರುವ ಹತ್ತಿಯ ಸುಗ್ಗಿಯಲ್ಲಿಯೇ ಒಂದು ಅಂಗಳದಲ್ಲಿ ಇದನ್ನು ಆರಂಭಿಸಿ ನೋಡಬಹುದು.